ಅಪ್‌ಡೇಟ್: ಮದ್ದು ಸೊಪ್ಪಿನ ಕಡ್ಡಿ ಚಿಗುರಿದೆ

ಕಾಫಿ ತೋಟದ ನೆರಳಲ್ಲಿ ನೆಟ್ಟ ಮದ್ದು ಸೊಪ್ಪಿನ (ಕೊಡಗಿನಲ್ಲಿ ಪಾಯಸಕ್ಕೆ ಬಳಸುವ ಔಷಧೀಯ ಗಿಡ) ಕಡ್ಡಿಗಳು ಏಕೆ ಕೊಳೆಯುತ್ತಿವೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ತಪ್ಪು ನೆರಳಿನದಲ್ಲ, ನೀರು ನಿಲ್ಲುವ ಜಾಗದ್ದು. ಈ ಸಲ ಇಳಿಜಾರಿನಲ್ಲಿ ಮಣ್ಣು ಏರಿಸಿ, ತರಗೆಲೆ ಗೊಬ್ಬರ ಬೆರೆಸಿ, ಬಲಿತ ಕಾಂಡವನ್ನು ಮೂರು ಗೆಣ್ಣಿಗೆ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗಿರುವಂತೆ ನೆಟ್ಟೆ. ಹೆಚ್ಚಿನವು ಚಿಗುರಿವೆ.

ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ ಕೊಯ್ಯುವಾಗ ಬುಡದಲ್ಲಿ ಎರಡು ಗೆಣ್ಣು ಬಿಡಿ. ದಯವಿಟ್ಟು ಬೇರುಸಮೇತ ಕೀಳಬೇಡಿ. ಪಾಯಸಕ್ಕೆ ಸೊಪ್ಪನ್ನು ಕಾಂಡದೊಂದಿಗೆ ಹೆಚ್ಚಿ, ಮುಳುಗುವಷ್ಟು ನೀರಲ್ಲಿ ಕಡುನೇರಳೆ ಬಣ್ಣ ಬಿಡುವ ತನಕ ಕುದಿಸಿ ಸೋಸಿ. ಆ ರಸದಲ್ಲೇ ಅಕ್ಕಿ ಬೇಯಿಸಿ. ಬೆಲ್ಲ ಹಾಕುವುದು ಅಕ್ಕಿ ಮೆತ್ತಗಾದ ಮೇಲೆಯೇ, ಮೊದಲೇ ಹಾಕಿದರೆ ಕಾಳು ಗಟ್ಟಿಯಾಗಿ ಉಳಿಯುತ್ತದೆ. ಗಟ್ಟಿ ತೆಂಗಿನಹಾಲು ಕೊನೆಗೆ; ಕುದಿಸಿದರೆ ಒಡೆಯುತ್ತದೆ. ಪಾಯಸ ಉಂಡ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ.