ಮನಿ ಪ್ಲಾಂಟ್ ಎಲಿ ಹಳದಿ ಆಗ್ಲಿಕತ್ತಾವ, ಏನ್ ಮಾಡ್ಲಿ?

ಪ್ರಶ್ನೆ (ರಾಯಚೂರು)
ನಮಸ್ಕಾರ್ರೀ. ಹಾಲ್‌ನಾಗ ಟಿವಿ ಸ್ಟ್ಯಾಂಡ್ ಮ್ಯಾಲ ಮನಿ ಪ್ಲಾಂಟ್ ಇಟ್ಟೀನಿ. ಬಳ್ಳಿ ಕೆಳಗ ಇಳಿಬಿದ್ದು ಛಂದ ಇತ್ತು. ಬ್ಯಾಸಗಿ ಸುರು ಆದ ಮ್ಯಾಲ ಬುಡದ ಎಲಿ ಹಳದಿ ಆಗಿ ಉದುರ್ಲಿಕತ್ತಾವ, ಕೆಲವು ಎಲಿ ತುದಿ ಸುಟ್ಟಂಗ ಆಗ್ಯಾವ. ಕುಂಡ ಪಿಂಗಾಣಿದು, ತಳದಾಗ ತೂತಿಲ್ಲ. ಮಣ್ಣು ನಮ್ಮ ಹೊಲದ ಎರಿ ಮಣ್ಣು. ಬಿಸಲು ಭಾಳ ಅಂತ ನಮ್ಮತ್ತಿಯವ್ರು ಮುಂಜಾನೊಮ್ಮೆ ಸಂಜಿಗೊಮ್ಮೆ ಬೋರಿನ ನೀರು ಹಾಕ್ತಾರ. ಎದುರಿಗೇ ಕೂಲರ್ ಅದ. ಓಣ್ಯಾಗೊಬ್ರು "ಅದು ಕದ್ದು ತಂದ್ರ ಮಾತ್ರ ಬೆಳಿತದ, ನೀವು ರೊಕ್ಕ ಕೊಟ್ಟು ತಂದೀರಿ" ಅಂತಾರ. ಅದು ಬಿಟ್ಟು ಬ್ಯಾರೆ ಕಾರಣ ಇದ್ರ ಹೇಳ್ರಿ. ಮನ್ಯಾಗ ಅಂಬೆಗಾಲಿನ ಕೂಸೂ ಅದ.

ಉತ್ತರ (ಗಂಗಾವತಿ)
ಅಕ್ಕಾರ, ಕಳವಿಂದೂ ಅಲ್ಲ, ಬಿಸಿಲಿಂದೂ ಅಲ್ಲ. ನಿಮ್ಮ ಗಿಡಕ್ಕ ನೀರು ಹೆಚ್ಚಾಗೈತಿ. ಎರಿ ಮಣ್ಣು ಹಿಂಗಾರಿ ಜ್ವಾಳಕ್ಕ ಬಂಗಾರ, ಯಾಕಂದ್ರ ಹಿಡಿದ ನೀರು ಬಿಡಂಗಿಲ್ಲ. ಅದೇ ಗುಣ ತೂತಿಲ್ಲದ ಕುಂಡದಾಗ ಬೇರಿಗೆ ಉಸಿರು ಕಟ್ಟಿಸ್ತೈತಿ. ಗಿಡ ಎತ್ತಿ ಬೇರು ಹಿಸುಕಿ ನೋಡ್ರಿ. ಕರ್ರಗಾಗಿ, ಸಿಪ್ಪಿ ಕೈಗೆ ಬಂದು ಒಳಗ ದಾರದಂಥದ್ದು ಅಷ್ಟ ಉಳಿದ್ರ ಕೊಳತೈತಿ ಅಂತ ತಿಳ್ಕೋರಿ.

ಚಲೋ ಇರೋ ಬಳ್ಳಿನ ಗೆಣ್ಣಿನ ಕೆಳಗ ಕತ್ತರಿಸ್ರಿ. ಗೆಣ್ಣಿನ ಹತ್ರ ಕಂದು ಬಣ್ಣದ ಸಣ್ಣ ಗಂಟು ಕಾಣತೈತಿ, ಬೇರು ಒಡೆಯೋದು ಅಲ್ಲಿಂದನ. ಬರೇ ಎಲಿ ನೀರಾಗ ಇಟ್ರ ಹೊಸ ಬಳ್ಳಿ ಬರಂಗಿಲ್ಲ. ಬಾಟ್ಲ್ಯಾಗ ಗೆಣ್ಣು ಮುಳುಗಿರಲಿ, ಎಲಿ ಮ್ಯಾಲಿರಲಿ. ಬೇರು ಬೆರಳುದ್ದ ಆದ ಮ್ಯಾಲ ತೂತಿರೋ ಕುಂಡಕ್ಕ ಹಾಕ್ರಿ. ಕೆಂಪು ಮಣ್ಣು, ಹಳೇ ಸಗಣಿ ಗೊಬ್ಬರ, ಸುಟ್ಟ ಭತ್ತದ ಹೊಟ್ಟು ಕಲಸ್ರಿ. ರಾಯಚೂರಾಗ ರೈಸ್ ಮಿಲ್ಲಿಗೇನು ಬರ? ಬೆಳ್ಳನ ಬೂದಿ ಬ್ಯಾಡ, ಇದ್ದಿಲಿನಂಗ ಕರ್ರಗಿರೋದು ತಗೋರಿ. ಆಮ್ಯಾಲ ಬೆರಳು ಎರಡು ಗೆರಿ ಮಟ ಚುಚ್ಚಿ ನೋಡಿ, ಒಣಗಿದ್ರ ಅಷ್ಟ ನೀರು. ಇದನ್ನ ಅತ್ತಿಯವರಿಗೆ ಹೇಳೋದು ಹೆಂಗ ಅಂತ ನನ್ನ ಕೇಳಬ್ಯಾಡ್ರಿ.

ಉತ್ತರ (ಬಳ್ಳಾರಿ)
ತುದಿ ಸುಟ್ಟಿರೋದು ಬೇರೆ ಕತೆ. ಈ ಬಳ್ಳಿ ತವರು ಪೆಸಿಫಿಕ್ ಸಾಗರದ ಮೂರಿಯಾ ದ್ವೀಪ, ತೇವದ ಗಾಳಿ ಉಂಡು ಬೆಳೆದಿದ್ದು. ನಮ್ಮ 40 ಡಿಗ್ರಿ ಒಣ ಗಾಳಿ ಅದಕ್ಕೆ ಆಗಲ್ಲ. ಕೂಲರ್ ಎದುರಿಂದ ಸರಿಸಿ; ಟ್ಯಾಂಕ್ ಖಾಲಿಯಾದ್ರೆ ಅದು ಊದೋದು ಬಿಸಿಗಾಳಿನೇ. ಕುಂಡದ ಅಂಚಿಗೆ ಬೆಳ್ಳಗೆ ಕಟ್ಟಿದ್ರೆ ಬೋರಿನ ಉಪ್ಪು, ನಲ್ಲಿ ನೀರು ಹಾಕಿ. ಆರ್‌ಒ ಯಂತ್ರ ಹೊರಗೆ ಬಿಡೋ ನೀರಂತೂ ಬೇಡವೇ ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ನಮ್ಮೂರಲ್ಲಿ ಎಲೆ ಮೇಲೆ ಕೆಂಧೂಳು ಕೂತಿರುತ್ತೆ, ನಾನು ಒದ್ದೆ ಬಟ್ಟೇಲಿ ಒರೆಸ್ತೀನಿ.

ಮುಖ್ಯ ಮಾತು ಮಗುವಿಂದು. ಎಲೆ ಜಗಿದ್ರೆ ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಚುಚ್ಚಿ ಬಾಯಿ ಉರಿಯುತ್ತೆ, ತುಟಿ ಬಾತುಕೊಳ್ಳುತ್ತೆ. ಹಾಗಾದ್ರೆ ಬಾಯಿ ತೊಳೆಸಿ ಡಾಕ್ಟರಿಗೆ ತೋರಿಸಿ. ಬಳ್ಳಿ ಇಳಿಬಿಡದೆ ಕಂಬಕ್ಕೆ ಹತ್ತಿಸಿ, ಎಲೆನೂ ದೊಡ್ಡದಾಗುತ್ತೆ.

ಪ್ರಶ್ನೆ ಕೇಳಿದವರು
ಬೇರು ನೀವಂದಂಗೇ ಅದಾವ್ರೀ, ವಾಸನಿ ಬ್ಯಾರೆ. ಉಪ್ಪಿನಕಾಯಿ ಬಾಟ್ಲಿ ತೊಳೆದು ತುಂಡು ಇಟ್ಟೀನಿ. ನೀರು ಯಾವಾಗ ಬದ್ಲಿ ಮಾಡ್ಲಿ?

ಗಂಗಾವತಿ
ವಾರಕ್ಕೊಮ್ಮೆ ಸಾಕ್ರಿ. ಬಾಟ್ಲಿ ನೆಟ್ಟಗ ಬಿಸಿಲಿಗೆ ಇಡಬ್ಯಾಡ್ರಿ, ಪಾಚಿ ಕಟ್ಟತೈತಿ.