ಪಾಪ್ಪಿ ಸಸಿ ಕಿತ್ತು ನೆಟ್ಟರೆ ಬಾಡುತ್ತಿದೆ, ಬೆಳೆಸಿದವರು ಹೇಳಿ

ಪ್ರಶ್ನೆ: ಟ್ರೇಯಲ್ಲಿ ಪಾಪ್ಪಿ ಹೂವಿನ ಬೀಜ ಹಾಕಿದ್ದೆ, ಚೆನ್ನಾಗಿಯೇ ಮೊಳೆತವು. ನಾಲ್ಕು ಎಲೆ ಬಂದ ಮೇಲೆ ಕಿತ್ತು ಪಾತಿಯಲ್ಲಿ ನೆಟ್ಟೆ. ಒಂದೊಂದಾಗಿ ಎಲ್ಲ ಬಾಡಿದವು. ಬೀಜ ಇನ್ನೂ ಉಳಿದಿದೆ. ಈ ಸಲ ಹೇಗೆ ಹಾಕಲಿ?

ಉತ್ತರ: ಕಿತ್ತಿದ್ದೇ ಕಾರಣ ಇರಬೇಕು. ಪಾಪ್ಪಿಯ ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ. ಅದಕ್ಕೆ ಪೆಟ್ಟಾದರೆ ಸಸಿ ಚೇತರಿಸಿಕೊಳ್ಳುವುದು ಕಷ್ಟ. ಹೂ ಎಲ್ಲಿ ಬೇಕೋ ಅಲ್ಲೇ ಬೀಜ ಚೆಲ್ಲಿಬಿಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು.

ಬೀಜ ತೀರಾ ಸಣ್ಣದಲ್ವಾ, ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿ. ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ, ಎಲ್ಲಿ ಬಿದ್ದಿದೆ ಅಂತಲೂ ಕಾಣುತ್ತದೆ. ಮೇಲೆ ಮಣ್ಣು ಮುಚ್ಚಬೇಡಿ. ಬೆಳಕು ತಾಗಿದರೇನೇ ಚೆನ್ನಾಗಿ ಮೊಳೆಯುವುದು. ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ನೀರನ್ನು ಸ್ಪ್ರೇ ಬಾಟಲಿಯಿಂದ ಚಿಮುಕಿಸಿ, ಸುರಿದರೆ ಬೀಜವೆಲ್ಲ ಮೂಲೆಗೆ ಕೊಚ್ಚಿಹೋಗುತ್ತದೆ. ತಂಪು ಕಾಲದಲ್ಲಿ, 15ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವಾಗ ಹಾಕಿದರೆ ಎರಡು ಮೂರು ವಾರದಲ್ಲಿ ಹಸಿರು ಕಾಣುತ್ತದೆ. ಸೆಖೆಯಲ್ಲಿ ಹಾಕಿದರೆ ಬೀಜ ಸುಮ್ನೆ ಮಣ್ಣಲ್ಲಿ ಕೂತಿರುತ್ತದೆ.

ಆಮೇಲೆ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸಸಿ ಎರಡು ಬೆರಳು ಎತ್ತರ ಬಂದಾಗ ಗೇಣಿಗೊಂದು ಉಳಿಸಿ, ಬಾಕಿಯದ್ದನ್ನು ಕತ್ತರಿಯಿಂದ ಬುಡಕ್ಕೇ ಕತ್ತರಿಸಿ. ಕೀಳಲು ಹೋದರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಇಷ್ಟು ಚೆಂದದ ಸಸಿಗಳು ಅಂತ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಒತ್ತಾಗಿ ಬಿಟ್ಟರೆ ಎಲ್ಲವೂ ಬಡಕಲಾಗಿ, ಒಂದೆರಡು ಹೂ ಬಿಟ್ಟು ಮುಗಿಯುತ್ತವೆ.

ಇನ್ನೊಬ್ಬರು: ಟ್ರೇಯಲ್ಲೇ ಶುರು ಮಾಡಬೇಕು ಅಂದರೆ ಹಳೇ ಪೇಪರ್ ಸುತ್ತಿ ಪುಟ್ಟ ಕುಂಡ ಮಾಡಿ, ಪೇಪರ್ ಸಮೇತ ಮಣ್ಣಿಗಿಳಿಸಿ. ಬೇರು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಗೊಬ್ಬರ ಜಾಸ್ತಿ ಹಾಕಬೇಡಿ, ಬರೀ ಎಲೆ ಸೊಕ್ಕುತ್ತದೆ. ಯಾವ ಜಾತಿ ಅಂತ ನೀವು ಹೇಳಿಲ್ಲ. ಮೊದಲ ಸಲಕ್ಕೆ ಷರ್ಲಿ ಅಥವಾ ಕ್ಯಾಲಿಫೋರ್ನಿಯಾ ಪಾಪ್ಪಿ ಒಳ್ಳೆಯದು. ಓರಿಯೆಂಟಲ್ ಆದರೆ ಹೂ ಮುಗಿದ ಮೇಲೆ ಎಲೆ ಪೂರ್ತಿ ಒಣಗುತ್ತದೆ. ಸತ್ತಿತು ಅಂತ ಅಗೆದು ಎಸೆಯಬೇಡಿ, ಬೇರು ಜೀವಂತ ಇರುತ್ತದೆ, ಮತ್ತೆ ಚಿಗುರುತ್ತದೆ. ಅಫೀಮು ಬರುವ ಗಸಗಸೆ ಗಿಡವೂ ಪಾಪ್ಪಿಯೇ, ಅದರ ತಂಟೆಗೆ ಮಾತ್ರ ಹೋಗಬೇಡಿ. ಎಷ್ಟೋ ದೇಶಗಳಲ್ಲಿ ಲೈಸೆನ್ಸ್ ಇಲ್ಲದೆ ಬೆಳೆಸುವುದು ಅಪರಾಧ.

ಮತ್ತೊಬ್ಬರು: ಷರ್ಲಿಯ ಮೊಗ್ಗು ಕತ್ತು ಬಗ್ಗಿಸಿಕೊಂಡಿರುವುದನ್ನು ನೋಡಿ ನೀರು ಸಾಲದು ಅಂದುಕೊಳ್ಳಬೇಡಿ. ಅದರ ರೀತಿಯೇ ಹಾಗೆ. ಅರಳುವ ಹೊತ್ತಿಗೆ ನೆಟ್ಟಗಾಗುತ್ತದೆ. ರೋಮ ತುಂಬಿದ ಎರಡು ಸಿಪ್ಪೆ ಕಳಚಿ ಬೀಳುತ್ತವೆ, ಒಳಗಿಂದ ಸುಕ್ಕುಸುಕ್ಕಾದ ದಳ ಬಿಚ್ಚಿಕೊಳ್ಳುತ್ತದೆ. ಒಂದು ಹೂ ಇರುವುದು ಒಂದೆರಡು ದಿನ ಅಷ್ಟೇ. ದಳ ಉದುರಿದ ಕೂಡಲೇ ಕಾಯಿ ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತವೆ. ಕೊನೆಗೆ ನಾಲ್ಕೈದು ಕಾಯಿ ಗಿಡದಲ್ಲೇ ಒಣಗಲು ಬಿಡಿ. ಷರ್ಲಿ ಆದರೆ ಕಾಯಿಯ ಮುಚ್ಚಳದ ಕೆಳಗೆ ಸಣ್ಣ ಕಿಂಡಿಗಳು ತೆರೆಯುತ್ತವೆ. ಆಗ ಕಾಗದದ ಕವರಿನೊಳಗೆ ಬಗ್ಗಿಸಿ ಅಲ್ಲಾಡಿಸಿ, ಮುಂದಿನ ಸಲಕ್ಕೆ ಬೇಕಾದಷ್ಟು ಬೀಜ ಸಿಗುತ್ತದೆ.