ಇಂಗ್ಲೆಂಡ್ ಕಸ್ಟಮರ್ ಕಳಿಸಿರೋ "ಲಂಚ ಕೊಡಲ್ಲ" ಫಾರಂಗೆ ಸೈನ್ ಹಾಕ್ಲಾ ಬೇಡ್ವಾ?

ಕೂರ್ಗಳ್ಳಿ ಅಕೌಂಟ್ಸ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಲ್ಲಿ ಕೂರ್ಗಳ್ಳಿ ಕಡೆ ಒಂದು ಸಣ್ಣ ಮಷಿನಿಂಗ್ ಯೂನಿಟ್‌ನಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಒಟ್ಟು 34 ಜನ, ಆರು ಸಿಎನ್‌ಸಿ ಮಷಿನ್. ವಾಲ್ವ್‌ಗೆ ಹಾಕೋ ಹಿತ್ತಾಳೆ ಪಾರ್ಟ್ಸ್ ಮಾಡಿ ಇಂಗ್ಲೆಂಡಿನ ಒಂದು ಕಂಪನಿಗೆ ಕಳಿಸ್ತೀವಿ, ನಮ್ಮ ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದ್ದೇ. ಹೋದ ವಾರ ಅವರಿಂದ 41 ಪ್ರಶ್ನೆ ಇರೋ ಒಂದು ಫಾರಂ ಬಂತು. ಲಂಚದ ಬಗ್ಗೆ ನಿಮ್ಮ ಕಂಪನೀಲಿ ಪಾಲಿಸಿ ಇದೆಯಾ, ಸರ್ಕಾರಿ ನೌಕರರಿಗೆ ದುಡ್ಡು ಅಥವಾ ಉಡುಗೊರೆ ಕೊಡ್ತೀರಾ, ನಿಮ್ಮ ಪರವಾಗಿ ಸರ್ಕಾರಿ ಆಫೀಸ್‌ಗೆ ಓಡಾಡೋ ಏಜೆಂಟ್ ಯಾರು, ಅವರಿಗೆ ಹೇಗೆ ದುಡ್ಡು ಕೊಡ್ತೀರಾ ಅಂತೆಲ್ಲ. ಕೊನೇ ಪೇಜಲ್ಲಿ ಡಿಕ್ಲರೇಶನ್, ಅದಕ್ಕೆ ಎರಡು ಸೈನ್, ಒಂದು ಓನರ್‌ದು, ಇನ್ನೊಂದು ಅಕೌಂಟ್ಸ್ ನೋಡೋರದ್ದು, ಅಂದ್ರೆ ನಂದು.

ಓನರ್ ಒಳ್ಳೇವ್ರು, ಕೋವಿಡ್ ಟೈಮಲ್ಲಿ ಒಬ್ರನ್ನೂ ಮನೆಗೆ ಕಳಿಸ್ಲಿಲ್ಲ, ಅದನ್ನ ಮರೆಯಲ್ಲ. ಆದ್ರೆ ಫಾರಂ ತೋರಿಸಿದಾಗ "ಇವೆಲ್ಲಾ ಫಾರ್ಮಾಲಿಟಿ ಕಣಮ್ಮ, ಚೆನ್ನಾಗಿ ಕಾಣೋ ಹಾಗೆ ತುಂಬಿ ಕಳಿಸ್ಬಿಡು" ಅಂದ್ರು. ನಾನು ಸೀಟಿಗೆ ಬಂದು ಪೆಟ್ಟಿ ಕ್ಯಾಶ್ ಫೈಲ್ ತೆಗೆದೆ. ಪ್ರತಿ ತಿಂಗಳು ಮೊದಲ ವಾರ ಒಂದು ವೋಚರ್, "ಕಾಫಿ ತಿಂಡಿ, ರೂ. 3,000", ಒಂದು ರೂಪಾಯಿ ಹೆಚ್ಚಿಲ್ಲ ಕಮ್ಮಿ ಇಲ್ಲ, ಹೋಟೆಲ್ ಬಿಲ್ ಪಿನ್ ಮಾಡ್ಬೇಕಾದ ಜಾಗ ಖಾಲಿ. ಅದು ಯಾವ ಆಫೀಸ್‌ನ ಯಾವ ಟೇಬಲ್‌ಗೆ ಹೋಗುತ್ತೆ ಅಂತ ನಮ್ಮಲ್ಲಿ ಎಲ್ರಿಗೂ ಗೊತ್ತು. ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲೀಲಿ ಅದನ್ನ ಸ್ಟಾಫ್ ವೆಲ್ಫೇರ್‌ಗೆ ಹಾಕ್ತಿರೋದು ನಾನೇ, ಮೂರು ವರ್ಷದಿಂದ. ಇನ್ನೊಂದು, ನಮ್ಮ ಕಸ್ಟಮ್ಸ್ ಕೆಲಸ ನೋಡೋ ಕ್ಲಿಯರಿಂಗ್ ಏಜೆಂಟ್ ಬಿಲ್‌ನಲ್ಲಿ ಪ್ರತಿ ಕಂಟೇನರ್‌ಗೂ "ಇತರೆ ಖರ್ಚು 2,500" ಅಂತ ಒಂದು ಸಾಲು. ರಸೀದಿ ಕೊಡಿ ಅಂತ ಒಂದು ಸಲ ಕೇಳಿದ್ದಕ್ಕೆ "ಅದಕ್ಕೆಲ್ಲ ರಸೀದಿ ಎಲ್ಲಿ ಸಿಗುತ್ತೆ ಮೇಡಂ" ಅಂದ್ರು.

ಇಷ್ಟು ದಿನ ಅದು ಬರೀ ಒಂದು ಎಂಟ್ರಿ ಆಗಿತ್ತು, ಈಗ ನಿದ್ದೆ ಬರ್ತಿಲ್ಲ. ಸುಳ್ಳಿಗೆ ಸೈನ್ ಹಾಕೋಕೆ ಮನಸ್ಸಿಲ್ಲ, ಹಾಕ್ದೆ ಇದ್ರೆ ಆರ್ಡರ್ ಹೋದ್ರೆ 34 ಮನೆ ಪ್ರಶ್ನೆ. ಈ ಥರ ಫಾರಂ ಬಂದಾಗ ನೀವೆಲ್ಲ ಏನ್ ಮಾಡಿದ್ರಿ?

ಹೆಬ್ಬಾಳ್ ಶೆಡ್:

ನಾನೂ ಯೂನಿಟ್ ನಡೆಸ್ತೀನಿ, ಅದಕ್ಕೇ ನೇರವಾಗಿ ಹೇಳ್ತೀನಿ, ತುಂಬಿ ಕಳಿಸ್ಬಿಡಿ. ನಾನೊಂದ್ಸಲ ಕೊಡಲ್ಲ ಅಂತ ಹಟ ಹಿಡ್ದೆ, ನನ್ನ ಫೈಲ್ ಐದು ತಿಂಗಳು ಒಂದೇ ಟೇಬಲ್ ಮೇಲಿತ್ತು, ಹೋದಾಗೆಲ್ಲ ಸಾಹೇಬ್ರು ಮೀಟಿಂಗ್‌ಲ್ಲಿದಾರೆ, ನಾಳೆ ಬನ್ನಿ. ಅಷ್ಟ್ರಲ್ಲಿ ಬ್ಯಾಂಕ್ ಬಡ್ಡಿ ಕಟ್ಟೋಕೆ ಹೆಂಡ್ತಿ ಬಳೆ ಅಡ ಇಟ್ಟೆ. ಫಾರಂ ಕಳಿಸಿರೋ ಇಂಗ್ಲೆಂಡಿನವ್ರು ಬಂದು ಬಿಡಿಸಿ ಕೊಡ್ತಾರಾ? ಕೇಳ್ಕೊಂಡು ಕಿತ್ಕೊಳ್ಳೋನಿಗೆ ಏನೂ ಆಗಲ್ಲ, ಕೊಟ್ಟೋನೇ ಕಳ್ಳ ಅನ್ನೋ ಹಾಗಿದೆ. ಮತ್ತೆ ಕೆಲಸ ಬೇಗ ಆಗ್ಲಿ ಅಂತ ಕೊಡೋ ಸಣ್ಣ ದುಡ್ಡಿಗೆ ಅಮೆರಿಕಾ ಕಾನೂನಲ್ಲೇ ರಿಯಾಯ್ತಿ ಇದೆಯಂತಲ್ಲ, ನಾವ್ಯಾಕೆ ತಲೆ ಕೆಡಿಸ್ಕೋಬೇಕು.

ನಜರ್‌ಬಾದ್ ಕಂಪ್ಲಯನ್ಸ್:

@ಹೆಬ್ಬಾಳ್ ಶೆಡ್ ಸರ್, ನಿಮಗಾದ ನೋವು ಅರ್ಥ ಆಗುತ್ತೆ. ಆದ್ರೆ ನಿಮ್ಮ ಕೊನೇ ಮಾತು ಈ ಅಕ್ಕನ ವಿಷಯದಲ್ಲಿ ಅಪಾಯ, ಯಾಕೆ ಅಂತ ಹೇಳ್ತೀನಿ, 11 ವರ್ಷದಿಂದ ನಂದು ಇದೇ ಕೆಲಸ.

ನೀವು ಹೇಳಿದ ರಿಯಾಯ್ತಿ ಅಮೆರಿಕಾದ 1977ರ ಕಾನೂನಲ್ಲಿದೆ ನಿಜ, ಎಫ್‌ಸಿಪಿಎ ಅಂತಾರಲ್ಲ ಅದು. ಹೇಗಿದ್ರೂ ಆಗಲೇಬೇಕಾದ ಮಾಮೂಲಿ ಕೆಲಸ ಬೇಗ ಮಾಡ್ಸೋಕೆ ಕೊಡೋ ಸಣ್ಣ ದುಡ್ಡಿಗೆ ಮಾತ್ರ ಅದು. ಇವರ ಕಸ್ಟಮರ್ ಇಂಗ್ಲೆಂಡಿನವ್ರು. ಅಲ್ಲಿನ 2010ರ ಬ್ರೈಬರಿ ಆಕ್ಟ್, ಜಾರಿಗೆ ಬಂದಿದ್ದು 2011 ಜುಲೈ 1ಕ್ಕೆ, ಅದರಲ್ಲಿ ಈ ರಿಯಾಯ್ತೀನೇ ಇಲ್ಲ. ಕಾಫಿಗೆ ಕೊಟ್ರೂ ಲಂಚ, ಕೋಟಿ ಕೊಟ್ರೂ ಲಂಚ. ಅದರ 7ನೇ ಸೆಕ್ಷನ್ ಹೇಳೋದು ಏನಂದ್ರೆ, ಕಂಪನಿ ಪರವಾಗಿ ಕೆಲಸ ಮಾಡೋ ಯಾರಾದ್ರೂ ಕಂಪನಿಗೋಸ್ಕರ ಲಂಚ ಕೊಟ್ರೆ, ಮೇಲಿರೋರಿಗೆ ಗೊತ್ತೇ ಇಲ್ದಿದ್ರೂ ಕಂಪನಿ ಸಿಕ್ಕಿಹಾಕ್ಕೊಳ್ಳುತ್ತೆ, ದಂಡಕ್ಕೆ ಮಿತಿ ಇಲ್ಲ. ತಪ್ಪಿಸ್ಕೊಳ್ಳೋಕೆ ಒಂದೇ ದಾರಿ, ಇದನ್ನ ತಡೆಯೋಕೆ ನಾವು ತಕ್ಕಷ್ಟು ವ್ಯವಸ್ಥೆ ಮಾಡಿದ್ವಿ ಅಂತ ಅವರೇ ಸಾಬೀತು ಮಾಡ್ಬೇಕು. ನಿಮಗೆ ಬಂದಿರೋ 41 ಪ್ರಶ್ನೆ ಆ ವ್ಯವಸ್ಥೇದೇ ಭಾಗ. ಬರೀ ಮಾಲು ಮಾರೋ ಸಪ್ಲೈಯರ್ ಎಲ್ಲಾ ಸಲಾನೂ "ಅವರ ಪರವಾಗಿ ಕೆಲಸ ಮಾಡೋರು" ಅನ್ನೋ ಲೆಕ್ಕಕ್ಕೆ ಬರಲ್ಲ, ಆದ್ರೆ ಅದನ್ನ ಕೋರ್ಟಲ್ಲಿ ವಾದ ಮಾಡೋ ತಾಪತ್ರಯ ಅವರಿಗ್ಯಾಕೆ, ಎಲ್ರನ್ನೂ ಕೇಳ್ತಾರೆ.

ಈಗ ಅಕ್ಕ ನಿಮ್ಮ ವಿಷಯಕ್ಕೆ. ನಿಮಗೆ 3,000 ವೋಚರ್ ಕಣ್ಣಿಗೆ ಚುಚ್ತಿದೆ, ನನಗೆ ಅದಕ್ಕಿಂತ ಭಯ ಆಗೋದು ಏಜೆಂಟ್ ಬಿಲ್‌ನ 2,500. ದೊಡ್ಡ ದೊಡ್ಡ ಕೇಸ್ ತೆಗೆದು ನೋಡಿ, ಮಧ್ಯದಲ್ಲಿ ಒಬ್ಬ ಏಜೆಂಟೋ ಕಾಂಟ್ರಾಕ್ಟರೋ ಇದ್ದೇ ಇರ್ತಾನೆ. ಕ್ಯಾಡ್ಬರಿ ಇಂಡಿಯಾದ ಹಿಮಾಚಲದ ಬದ್ದಿ ಫ್ಯಾಕ್ಟರಿಗೆ ಲೈಸೆನ್ಸ್ ಮಾಡಿಸೋಕೆ ಒಬ್ಬ ಏಜೆಂಟ್ ಇದ್ದ, ಅವನಿಗೆ ಹೋಗಿದ್ದು ಸುಮಾರು 90 ಸಾವಿರ ಡಾಲರ್. ಅರ್ಜಿ ತಯಾರು ಮಾಡಿದ್ದು ಕಂಪನಿಯವರೇ, ಆದ್ರೆ ಅರ್ಜಿ ಮಾಡಿಕೊಟ್ಟೆ ಅಂತ ಬಿಲ್ ಹಾಕಿದ್ದು ಅವನು. ಅವನು ಎಂಥವನು ಅಂತ ಯಾರೂ ವಿಚಾರಿಸಿರ್ಲಿಲ್ಲ. 2017ರಲ್ಲಿ ಕ್ಯಾಡ್ಬರಿ, ಅದನ್ನ ಕೊಂಡ್ಕೊಂಡಿದ್ದ ಮೊಂಡೆಲೀಜ್, ಎರಡೂ ಸೇರಿ ಅಮೆರಿಕಾದಲ್ಲಿ ಕಟ್ಟಿದ್ದು 1 ಕೋಟಿ 30 ಲಕ್ಷ ಡಾಲರ್. ಅಲ್ಲಿ ಲಂಚ ಕೊಟ್ರು ಅಂತ ಸಾಬೀತು ಮಾಡೋ ಅಗತ್ಯಾನೇ ಬೀಳ್ಲಿಲ್ಲ, ಲೆಕ್ಕದ ಪುಸ್ತಕ ಸರಿ ಇಲ್ಲ, ಹತೋಟಿ ಇಲ್ಲ ಅನ್ನೋದೇ ಸಾಕಾಯ್ತು. ಪಕ್ಕದ ಚೆನ್ನೈಲಿ ಕಾಗ್ನಿಜೆಂಟ್ ಕ್ಯಾಂಪಸ್ ಪ್ಲಾನ್ ಅಪ್ರೂವಲ್ ಕಥೆನೂ ಅದೇ ದಾರಿ, 20 ಲಕ್ಷ ಡಾಲರ್ ಕಾಂಟ್ರಾಕ್ಟರ್ ಮೂಲಕ, 2019ರಲ್ಲಿ ಸುಮಾರು 2.5 ಕೋಟಿ ಡಾಲರ್ ಕಟ್ಟಿ ಮುಗಿಸಿದ್ರು. ಕಂಪನಿಯವ್ರೇ ಮೊದಲು ಹೋಗಿ ಹೇಳ್ಕೊಂಡಿದ್ರಿಂದ ಕಂಪನಿ ಮೇಲೆ ಕ್ರಿಮಿನಲ್ ಕೇಸ್ ಆಗ್ಲಿಲ್ಲ, ಇದನ್ನ ಗಮನ ಇಟ್ಟು ಓದಿ.

2025ರಲ್ಲಿ ಅಮೆರಿಕಾದಲ್ಲಿ ಎಫ್‌ಸಿಪಿಎ ಕೇಸ್‌ಗಳನ್ನ ಕೆಲವು ತಿಂಗಳು ನಿಲ್ಸಿ, ಜೂನಲ್ಲಿ ಹೊಸ ಮಾರ್ಗಸೂಚಿ ತಂದ್ರು. ಅದನ್ನ ನೋಡಿ "ಎಲ್ಲಾ ಸಡಿಲ ಆಯ್ತು" ಅನ್ನೋರಿದಾರೆ. ಕಾನೂನು ರದ್ದಾಗಿಲ್ಲ, ಮತ್ತೆ ಇಂಗ್ಲೆಂಡಿಗೂ ಅದಕ್ಕೂ ಸಂಬಂಧ ಇಲ್ಲ.

ಮದ್ದೂರ್ ಬೆಲ್ಲ:

ಅಕ್ಕ, ನಾವು ಮದ್ದೂರಿಂದ ಬೆಲ್ಲದ ಪುಡಿ ಎಕ್ಸ್‌ಪೋರ್ಟ್ ಮಾಡ್ತೀವಿ. ನಮ್ಗೂ ಎರಡು ವರ್ಷದ ಹಿಂದೆ ಇಂಥದ್ದೇ ಫಾರಂ ಬಂದಿತ್ತು, ನಾವು ಮಾಡಿದ್ದು ಹೇಳ್ಬುಡ್ತೀನಿ.

ಮೊದ್ಲು ಏಜೆಂಟ್‌ನ ಕೂರಿಸ್ಕೊಂಡು ಕೇಳ್ದೋ, ಅಣ್ಣ ಈ ಇತರೆ ಖರ್ಚು ಬಿಡಿಸಿ ಬರ್ಕೊಡು ಅಂತ. ಮೊದ್ಲು ನಕ್ಕ. ಆಮೇಲೆ ಬರೀತಾ ಕೂತ, ಹಮಾಲಿ ಇಷ್ಟು, ಸೀಲ್ ಇಷ್ಟು, ಜೆರಾಕ್ಸ್ ಇಷ್ಟು, ಬರೀತಾ ಬರೀತಾ 900ಕ್ಕೆ ನಿಂತೋಯ್ತು ಪೆನ್ನು. ಮಿಕ್ಕ 1,600? ಪೆನ್ನಿನ ಕ್ಯಾಪ್ ಹಾಕ್ತಾ ತೆಗೀತಾ ಸುಮ್ನೆ ಕೂತ. ಅಪ್ಪಾಜಿ ಅಂದ್ರು, ನೋಡಪ್ಪ ಇನ್ಮೇಲೆ ರಸೀದಿ ಇದ್ದಷ್ಟೇ ಕೊಡ್ತೀವಿ, ಬೇಕಾದ್ರೆ ನಿನ್ನ ಸರ್ವಿಸ್ ಚಾರ್ಜ್ ಜಾಸ್ತಿ ಮಾಡ್ಕೋ, ಆದ್ರೆ ಅದರೊಳ್ಗೆ ಈ 1,600 ಬಚ್ಚಿಡ್ಬೇಡ, ಯಾರ್ಗೂ ಏನೂ ಕೊಡಲ್ಲ ಅಂತ ಬರ್ದು ಸೈನ್ ಹಾಕು. ಅಂವ ಒಪ್ಲಿಲ್ಲ. ಬೇರೆ ಏಜೆಂಟ್ ಹುಡ್ಕೋಕೆ ಎರಡು ತಿಂಗ್ಳು ಬೇಕಾಯ್ತು, ಒಂದು ಕಂಟೇನರ್ ನಾಲ್ಕು ದಿನ ಲೇಟಾಗಿ ಬಾಡಿಗೆ ಕಟ್ಟಿದ್ದೂ ಉಂಟು, ಸುಳ್ಳು ಹೇಳಲ್ಲ.

ಬೈಯರ್‌ಗೆ ಏನು ಬರ್ದೋ ಅಂದ್ರೆ, ನಮ್ಮಲ್ಲಿ ಏಜೆಂಟ್ ಬಿಲ್‌ನಲ್ಲಿ ರಸೀದಿ ಇಲ್ದಿರೋ ಖರ್ಚು ಇತ್ತು, ಈ ತಾರೀಕಿಂದ ನಿಲ್ಸಿದೀವಿ, ಇದು ಹೊಸ ಏಜೆಂಟ್ ಅಗ್ರಿಮೆಂಟ್, ಅಂತ. ಅಪ್ಪಾಜಿಗೆ ಭಯ ಇತ್ತು, ಆರ್ಡರ್ ಹೋಯ್ತು ಅಂತ್ಲೇ ಅಂದ್ಕಂಡಿದ್ರು. ಅವ್ರು ಫೋನ್ ಮಾಡಿ ಒಂದು ಗಂಟೆ ಮಾತಾಡುದ್ರು, ಆರು ತಿಂಗ್ಳು ಬಿಟ್ಟು ಬಿಲ್ ಕಾಪಿ ಕಳ್ಸಿ ಅಂದ್ರು, ಅಷ್ಟೇ. ಇವತ್ತಿಗೂ ಮಾಲು ಹೋಯ್ತಾ ಅದೆ. ಎಲ್ಲಾ ಬೈಯರ್‌ಗಳೂ ಹಂಗೇ ಇರ್ತಾರೆ ಅಂತ ನಾನು ಹೇಳಕ್ಕಾಗಲ್ಲ.

ಇನ್ನೊಂದು ಮರೀಬೇಡಿ, ಆಯುಧಪೂಜೆ. ಆಫೀಸ್‌ಗಳಿಗೆ ಸ್ವೀಟ್ ಬಾಕ್ಸ್, ಅದರ ಜೊತೆ ಕವರ್ ಕಳ್ಸೋ ಪದ್ಧತಿ ನಮ್ಮಲ್ಲೂ ಇತ್ತು. ಈಗ ಹಬ್ಬಕ್ಕೆ ಬಂದೋರಿಗೆಲ್ಲ ಒಂದೇ ಥರ ಕಡ್ಲೆಪುರಿ, ಒಂದು ಅಚ್ಚು ಬೆಲ್ಲ, ಅದೂ ಫ್ಯಾಕ್ಟರೀಲೇ, ಯಾರ ಮನೆಗೂ ಆಫೀಸ್‌ಗೂ ಹೊತ್ಕಂಡು ಹೋಗಲ್ಲ. ಒಂದು ನೋಟ್‌ಬುಕ್ಕಲ್ಲಿ ಬರ್ದಿಡ್ತೀವಿ.

ನಿವೃತ್ತ ಲೆಕ್ಕಿಗ:

ಮಗಳೇ, ನಲವತ್ತು ವರ್ಷ ಆಡಿಟ್ ಮಾಡಿದೋನು ಅಂತ ಸಲುಗೆ ತಗೊಂಡು ಹೇಳ್ತೀನಿ. ಮೊದಲನೇದು, ಹಳೇ ವೋಚರ್ ಮುಟ್ಟಬೇಡ. ಹರಿಯೋದು, ಹೊಸದಾಗಿ ಹೋಟೆಲ್ ಬಿಲ್ ಮಾಡಿಸಿ ಪಿನ್ ಮಾಡೋದು, ಟ್ಯಾಲೀಲಿ ಹೆಡ್ ಬದಲಾಯಿಸೋದು, ಒಂದೂ ಬೇಡ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ರೆ 2023 ಏಪ್ರಿಲ್ 1ರಿಂದ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಕಡ್ಡಾಯ, ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ಉಳಿಯುತ್ತೆ. ಇದುವರೆಗೆ ಆಗಿರೋದು ಒಂದು ತಪ್ಪು, ಈಗ ತಿದ್ದಿದ್ರೆ ಅದು ಮುಚ್ಚಿಹಾಕೋ ಪ್ರಯತ್ನ ಆಗುತ್ತೆ, ಅದರಲ್ಲಿ ನಿನ್ನ ಹೆಸರು ಇರುತ್ತೆ.

ಎರಡನೇದು, ಎಲ್ರೂ ಇಂಗ್ಲೆಂಡ್ ಅಮೆರಿಕಾ ಅಂತಿದೀರಿ, ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು, ಅದನ್ನ 2018ರಲ್ಲಿ ತಿದ್ದಿದಾರೆ. ಮುಂಚೆ ಕೊಟ್ಟೋನು ಕೋರ್ಟಲ್ಲಿ ಕೊಟ್ಟೆ ಅಂತ ಹೇಳಿಕೆ ಕೊಟ್ರೆ ಆ ಹೇಳಿಕೆ ಮೇಲೆ ಅವನಿಗೆ ಶಿಕ್ಷೆ ಆಗ್ತಿರ್ಲಿಲ್ಲ, ಆ ರಕ್ಷಣೆ ಈಗ ಇಲ್ಲ. ಕೊಡೋದೂ ಅಪರಾಧ, ಏಳು ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ರೆ ಏಳು ದಿನದೊಳಗೆ ಪೊಲೀಸರಿಗೋ ತನಿಖೆ ಮಾಡೋ ಸಂಸ್ಥೆಗೋ ತಿಳಿಸ್ಬೇಕು, ಆಗ ಮಾತ್ರ ರಕ್ಷಣೆ. ಕೊಡೋಕೆ ಮುಂಚೆನೇ ಹೋಗಿ ಹೇಳಿದ್ರೆ ಇನ್ನೂ ಒಳ್ಳೇದು. 9ನೇ ಸೆಕ್ಷನ್‌ನಲ್ಲಿ ಕಂಪನಿಗೇ ದಂಡ, 10ರಲ್ಲಿ ಒಪ್ಪಿಗೆ ಕೊಟ್ಟ ಡೈರೆಕ್ಟರ್‌ಗೆ ಮೂರರಿಂದ ಏಳು ವರ್ಷ. ನಿಮ್ಮ ಓನರ್‌ಗೆ ಬ್ರಿಟಿಷ್ ಕಾನೂನು ತೋರಿಸ್ಬೇಡ, ಈ 10ನೇ ಸೆಕ್ಷನ್ ತೋರಿಸು. ಇನ್‌ಕಮ್ ಟ್ಯಾಕ್ಸ್‌ನಲ್ಲೂ ಕಾನೂನು ಬಾಹಿರ ಖರ್ಚು ಕಳೆಯೋ ಹಾಗಿಲ್ಲ, ಸ್ಟಾಫ್ ವೆಲ್ಫೇರ್ ಅಂತ ಮೂರು ವರ್ಷ ಕಳೆದಿದೀರಿ, ಅದನ್ನೂ ನಿಮ್ಮ ಆಡಿಟರ್ ಹತ್ರ ಮಾತಾಡ್ಬೇಕು.

@ಹೆಬ್ಬಾಳ್ ಶೆಡ್, ಕೇಳೋನಿಗೆ ಏನೂ ಆಗಲ್ಲ ಅನ್ಬೇಡಿ. ನನ್ನ ಕ್ಲಯಂಟ್ ಒಬ್ರು ಲೋಕಾಯುಕ್ತಕ್ಕೆ ಹೋಗಿದ್ರು. ನೋಟಿಗೆ ಬಿಳಿ ಪುಡಿ ಹಚ್ಚಿ ಕೊಟ್ಟು ಕಳಿಸಿದ್ರು, ಫಿನಾಲ್ಫ್ತಲೀನ್. ಇಸ್ಕೊಂಡ ಆಸಾಮಿ ಬೆರಳನ್ನ ಸೋಡಾ ಪುಡಿ ಕಲಸಿದ ನೀರಲ್ಲಿ ಅದ್ದಿಸಿದಾಗ ಲೋಟದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನ ಅವರು ನನ್ನ ಮುಂದೆ ಕೂತು ಹೇಳಿದಾಗ ಅವರ ಕೈ ನಡುಗ್ತಿತ್ತು. ಸಾಕ್ಷಿ ಹೇಳೋಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ್ರು ಅನ್ನೋದೂ ನಿಜ.

ಹೆಬ್ಬಾಳ್ ಶೆಡ್:

ಏಳು ದಿನದ ವಿಷಯ ನನಗೆ ಗೊತ್ತೇ ಇರ್ಲಿಲ್ಲ ಸರ್. ನನ್ನ ಮಾತು ಸಿಟ್ಟಲ್ಲಿ ಬಂತು, ಆದ್ರೆ ಫೈಲ್ ನಿಂತಾಗ ನಮ್ಮ ಪಕ್ಕ ಯಾರು ನಿಲ್ತಾರೆ ಅನ್ನೋ ಪ್ರಶ್ನೆ ಹಾಗೇ ಇದೆ. ಅಮ್ಮಾ, ನೀವು ಸೈನ್ ಹಾಕ್ಬೇಡಿ.

ನಜರ್‌ಬಾದ್ ಕಂಪ್ಲಯನ್ಸ್:

ಸರ್ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ. ಕೆಲವು ಕಡೆ ದಾರಿ ಇದೆ, ಸರ್ಕಾರದ "ಸಕಾಲ" ಯೋಜನೇಲಿ ಬರೋ ಸೇವೆ ಆದ್ರೆ ಅರ್ಜಿ ನಂಬರ್ ತಗೊಳ್ಳಿ, ದಿನ ಮೀರಿದ್ರೆ ಮೇಲ್ಮನವಿ ಹಾಕ್ಬಹುದು. ಕಸ್ಟಮ್ಸ್‌ನಲ್ಲಿ ಎಇಒ ಅಂತ, ನಂಬಿಕಸ್ಥ ವ್ಯಾಪಾರಸ್ಥರಿಗೆ ಕೊಡೋ ಮಾನ್ಯತೆ ಇದೆ, ಸಣ್ಣ ಯೂನಿಟ್‌ಗಳಿಗೆ ನಿಯಮ ಸಡಿಲ ಮಾಡಿದಾರೆ, ಸಿಕ್ಕಿದ್ರೆ ಮಾಲು ತಪಾಸಣೆಗೆ ನಿಲ್ಲೋದು ಕಮ್ಮಿ ಆಗುತ್ತೆ. ಅಕ್ಕ, ಲಂಚ ತಡೆ ವ್ಯವಸ್ಥೆಗೆ ಕೊಡೋ ಐಎಸ್‌ಒ 37001 ಸರ್ಟಿಫಿಕೇಟ್ ಮಾಡಿಸ್ಕೊಡ್ತೀವಿ ಅಂತ ಯಾರಾದ್ರೂ ಬಂದ್ರೆ ಈಗಲೇ ದುಡ್ಡು ಸುರೀಬೇಡಿ. 34 ಜನಕ್ಕೆ ಕನ್ನಡದಲ್ಲಿ ಒಂದು ಪೇಜ್ ಬರೆದು ಮಷಿನ್ ಶಾಪ್‌ಲ್ಲಿ ಅಂಟಿಸಿ, ಆಫೀಸ್‌ಗೆ ಓಡಾಡೋ ಹುಡುಗನನ್ನ ಕೂರಿಸ್ಕೊಂಡು ಬಿಡಿಸಿ ಹೇಳಿ. ದುಡ್ಡು ಕೇಳಿದಾಗ ಎದುರಿಗೆ ನಿಂತಿರೋನು ಅವನು, ಬರಿಗೈಲಿ ವಾಪಸ್ ಬಂದ್ರೆ ಬೈಯಲ್ಲ ಅಂತ ಓನರ್ ಬಾಯಿಂದಾನೇ ಅವನಿಗೆ ಕೇಳಿಸ್ಬೇಕು.

ಕೂರ್ಗಳ್ಳಿ ಅಕೌಂಟ್ಸ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ಓನರ್ ಹತ್ರ ಹೋದೆ. ಅಂಕಲ್ ಹೇಳಿದ ಹಾಗೆ 10ನೇ ಸೆಕ್ಷನ್ ಪ್ರಿಂಟ್ ತೆಗೆದು ಫಾರಂ ಮೇಲಿಟ್ಟೆ, ಪಕ್ಕದಲ್ಲಿ ವೋಚರ್ ಫೈಲ್. ತುಂಬಾ ಹೊತ್ತು ಮಾತಾಡ್ಲಿಲ್ಲ, ವೋಚರ್ ಒಂದೊಂದೇ ತಿರುವಿ ನೋಡಿದ್ರು, ಪ್ರತಿಯೊಂದ್ರಲ್ಲೂ ಅವರದ್ದೇ ಇನಿಶಿಯಲ್. ಆಮೇಲೆ ಕೇಳಿದ್ರು, "ನೀನು ಇದಕ್ಕೆ ಸೈನ್ ಹಾಕಲ್ಲ ಅಲ್ವಾ?" ಹಾಕಲ್ಲ ಸರ್ ಅಂದೆ. ಕಾಲು ನಡುಗ್ತಿತ್ತು.

ಕಸ್ಟಮರ್ ಹತ್ರ ಮೂರು ವಾರ ಟೈಮ್ ಕೇಳೋಕೆ ಮೇಲ್ ಡ್ರಾಫ್ಟ್ ಮಾಡು ಅಂದಿದಾರೆ, ನಾಳೆ ನಮ್ಮ ಆಡಿಟರ್ ಬರ್ತಾರೆ, ಒಬ್ರು ವಕೀಲರ ಹತ್ರನೂ ಹೋಗ್ತೀವಿ. ಏಜೆಂಟ್‌ಗೆ ಫೋನ್ ಮಾಡಿ ಈ ಸಲದ ಬಿಲ್‌ನಲ್ಲಿ ಇತರೆ ಖರ್ಚು ಬಿಡಿಸಿ ಬರೆದು ಕೊಡಿ ಅಂತ ನನ್ನ ಮುಂದೇನೇ ಹೇಳಿದ್ರು. ಮುಂದಿನ ತಿಂಗಳ 3,000 ವೋಚರ್ ಬರೀಬೇಡ ಅಂದ್ರು. ಆ ಆಫೀಸ್‌ಲ್ಲಿ ಒಂದು ರಿನ್ಯೂವಲ್ ಪೆಂಡಿಂಗ್ ಇದೆ, ಈ ಸಲ ಹುಡುಗನ್ನ ಕಳಿಸಲ್ಲ, ಅವರೇ ಹೋಗ್ತಾರಂತೆ, ನನ್ನನ್ನೂ ಬಾ ಅಂದಿದಾರೆ.

@ಮದ್ದೂರ್ ಬೆಲ್ಲ ಅಣ್ಣ, ನಿಮ್ಮ ಹೊಸ ಏಜೆಂಟ್ ಜೊತೆ ಮಾಡ್ಕೊಂಡ ಅಗ್ರಿಮೆಂಟ್‌ನಲ್ಲಿ ರಸೀದಿ ಬಗ್ಗೆ ಇರೋ ಸಾಲು ಹೇಗೆ ಬರೆದಿದೀರಾ ಅಂತ ಹೆಸರು ತೆಗೆದು ಇಲ್ಲಿ ಹಾಕೋಕಾಗುತ್ತಾ?